ನಂಜುಂಡಪ್ಪನ ಕಾರ್ಡು

ಆಗಿನ್ನೂ ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಎದ್ದಿರಲಿಲ್ಲ. ಇಷ್ಟು ಮಾತ್ರ ಖಚಿತ. ಉಳಿದದ್ದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಐದನೇ ಕ್ಲಾಸಿನಲ್ಲಿದ್ದೆನೋ ಆರನೇ ಕ್ಲಾಸಿನಲ್ಲೋ ತಿಳಿಯದು. ಆ ದಿನದ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿರುವುದು ಎರಡೇ ಸಾಲು: 'ಬ್ಯಾಂಡ್ ಸ್ಪರ್ಧೆ ಆಯಿತು. ಆರೆಂಜ್ ಐಸ್ ಕ್ಯಾಂಡಿ ತಿಂದೆ.' ನಡೆದದ್ದನ್ನು ಬರೆಯದೆ ಬಿಟ್ಟದ್ದು ಮರೆವಿನಿಂದಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ಅದೂ ಈಗಿನ ಅನ್ನಿಸಿಕೆಯೇ.

ನಾವಿದ್ದದ್ದು ಟಿ. ದಾಸರಹಳ್ಳಿಯ ಒಂದು ವಠಾರದಲ್ಲಿ. ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿದ್ದರು. ಆ ದಿನಗಳಲ್ಲಿ ಅಲ್ಲಿನ ನಾಲ್ಕೈದು ಕಾರ್ಖಾನೆಗಳಿಗೆ ಕೆಲಸಗಾರರದೇ ಬ್ಯಾಂಡುಗಳಿದ್ದವು. ಆಯುಧಪೂಜೆಗೆ ನುಡಿಸುತ್ತಿದ್ದರು, ಯಾರಾದರೂ ರಿಟೈರಾದರೆ ಗೇಟಿನವರೆಗೆ ಊದಿಕೊಂಡು ಹೋಗಿ ಕಳಿಸಿಕೊಡುತ್ತಿದ್ದರು. ನಮ್ಮ ಬ್ಯಾಂಡಿಗೆ ಅಪ್ಪನೇ ಲೀಡರ್. ಭಾನುವಾರ ಮಧ್ಯಾಹ್ನ ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನಲ್ಲಿ ಪ್ರಾಕ್ಟೀಸು. ತಗಡಿನ ಸೂರಿನ ಕೆಳಗೆ ಡೊಳ್ಳು ಹೊಡೆದರೆ ನಮ್ಮ ಹಲ್ಲು ಝುಮ್ಮೆನ್ನುತ್ತಿತ್ತು. ಹಿತ್ತಾಳೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದರು, ಟ್ರಂಪೆಟ್ಟಿನ ಗುಂಡಿಗಳಿಗೆ ಕಾರ್ಖಾನೆಯ ಮೆಷಿನ್ ಎಣ್ಣೆಯನ್ನೇ ಬಿಡುತ್ತಿದ್ದರು. ಹುಣಸೆಹಣ್ಣು ಮತ್ತು ಮೆಷಿನ್ ಎಣ್ಣೆ ಸೇರಿದ ವಾಸನೆ ಇವತ್ತು ಎಲ್ಲಿಯಾದರೂ ಬಂದರೆ ನಾನು ಒಂದು ಕ್ಷಣ ನಿಂತುಬಿಡುತ್ತೇನೆ.

ಟ್ರಂಪೆಟ್ ಊದುತ್ತಿದ್ದವರು ನಂಜುಂಡಪ್ಪ. ಸ್ಪರ್ಧೆಗೆ ಒಂದು ತಿಂಗಳಿರುವಾಗ ಅವರ ಬಲಗೈಯ ಎರಡು ಬೆರಳು ಪ್ರೆಸ್ಸಿಗೆ ಸಿಕ್ಕಿದವು. ಆ ಜಾಗಕ್ಕೆ ಅಪ್ಪ ಕರೆತಂದದ್ದು ನಮ್ಮ ವಠಾರದ ಕೊನೆಯ ರೂಮಿನಲ್ಲಿದ್ದ ಬಸಣ್ಣನನ್ನು. ಬಾಗಲಕೋಟೆ ಕಡೆಯವನು, ಅದೇ ಪ್ರೆಸ್ ಶಾಪಿನಲ್ಲಿ ಕಾಂಟ್ರಾಕ್ಟ್ ಮೇಲಿದ್ದ. ಊದುವುದನ್ನು ಊರಲ್ಲಿ ಅವನ ಮಾವ ಕಲಿಸಿದ್ದರಂತೆ. ಅವನು ಮೊದಲ ಸಲ ಊದಿದಾಗ ಸೈಕಲ್ ಸ್ಟ್ಯಾಂಡಿನ ವಾಚ್‌ಮನ್ ಎದ್ದು ಬಂದು ನಿಂತಿದ್ದರು.

ನನಗೂ ಊದಲು ಕಲಿಸುತ್ತಿದ್ದ. ಕೆನ್ನೆ ಉಬ್ಬಿಸಿ ಗಾಳಿ ಬಿಟ್ಟರೆ ನಗುತ್ತಿದ್ದ. "ಊದಬ್ಯಾಡ ಯವ್ವಾ, ತುಟಿ ನಡುಗಿಸು. ಬಾಯಾಗ ಕೂದಲಾ ಸಿಕ್ಕೈತಿ ಅಂತ ತಿಳ್ಕೊ, ಹಂಗ ಥುರ್ ಅನ್ನು."

"ಉಗುಳು ಬರತ್ತಲ್ಲ ಬಸಣ್ಣ!"

"ಬರಲಿ ಬಿಡು. ಉಗುಳಿಲ್ಲದ ಹಾಡು ಎಲ್ಲೈತಿ?"

ಸ್ಪರ್ಧೆ ರಾಜ್ಯೋತ್ಸವದ ತಿಂಗಳಲ್ಲಿ, ಒಂದು ಶಾಲೆಯ ಮೈದಾನದಲ್ಲಿ. ನಿಯಮಗಳು ಬಿಗಿ. ತೀರ್ಪುಗಾರರು ಮೂವರು ಒಂದು ಕ್ಲಾಸ್‌ರೂಮಿನ ಒಳಗೆ ಕೂರಬೇಕು. ಯಾರು ನುಡಿಸುತ್ತಿದ್ದಾರೆಂದು ಕಾಣದಂತೆ ಕಿಟಕಿಗಳಿಗೆಲ್ಲ ಹಳೆಯ ಪೇಪರ್ ಅಂಟಿಸಿರುತ್ತಿದ್ದರು. ಬ್ಯಾಂಡಿನ ಹೆಸರು ಕೂಗುವಂತಿಲ್ಲ, ಚೀಟಿ ಎತ್ತಿದಾಗ ಬಂದ ನಂಬರು ಮಾತ್ರ. ಮದುವೆಗಳಲ್ಲಿ ದುಡ್ಡಿಗೆ ನುಡಿಸುವವರು ಸೇರುವಂತಿಲ್ಲ. ನುಡಿಸುವ ಪ್ರತಿಯೊಬ್ಬನೂ ಆ ಕಾರ್ಖಾನೆಯ ಕಾರ್ಡು ತೋರಿಸಬೇಕು. ಬಸಣ್ಣನಿಗಿದ್ದದ್ದು ಕಾಂಟ್ರಾಕ್ಟರ್ ಕೊಟ್ಟ ಹಳದಿ ಕಾರ್ಡು. ಅದು ನಡೆಯುವುದಿಲ್ಲ.

ಕಾರ್ಡು ನೋಡುವ ಮೇಜಿನಲ್ಲಿ ಕೂರುತ್ತಿದ್ದವರು ನಮ್ಮ ದೊಡ್ಡಪ್ಪ, ಅಪ್ಪನ ಸ್ವಂತ ಅಣ್ಣ. ಬೇರೊಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದರು. ಒಂದು ನಿಮಿಷ ತಡವಾದರೂ ಕೆಂಪು ಇಂಕಿನಲ್ಲಿ ಬರೆಯುವವರೆಂದು ಹೆಸರು. ಅವರಿಗೆ ಸಂಗೀತದ ಗಂಧವಿಲ್ಲ ಅನ್ನುವುದೇ ಆ ಮೇಜಿಗೆ ಅವರ ಅರ್ಹತೆಯಾಗಿತ್ತು. ಆದರೂ 'ತಮ್ಮನ ಬ್ಯಾಂಡಿಗೆ ಅಣ್ಣನೇ ಚೆಕಿಂಗು' ಎಂದು ಜನ ಚುಚ್ಚುತ್ತಿದ್ದರು.

ಬಸಣ್ಣ ನಂಜುಂಡಪ್ಪನ ಕಾರ್ಡು ತೋರಿಸಲಿ ಅನ್ನುವುದು ಅಪ್ಪನ ಯೋಚನೆ. ಫೋಟೋ ಮಾಸಿತ್ತು, ಇಬ್ಬರಿಗೂ ದಪ್ಪ ಮೀಸೆ. "ಬ್ಯಾಡ್ರಿ ಅಣ್ಣಾರ, ನನ್ನ ಕೆಲಸಕ್ಕ ಕುತ್ತು ಬಂದೀತು" ಎಂದು ಬಸಣ್ಣ ನಮ್ಮ ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ನೆನಪಿದೆ.

"ಗೆದ್ಮೇಲೆ ಮ್ಯಾನೇಜರ್‌ಗೆ ನಾನೇ ಹೇಳ್ತೀನಿ ಕಣೋ. ಕಪ್ ತಂದೋನ್ನ ಪರ್ಮನೆಂಟ್ ಮಾಡಲ್ಲ ಅಂತಾರಾ?" ಎಂದರು ಅಪ್ಪ. ಬಸಣ್ಣ ಒಪ್ಪಿದ. ಅವನಿಗೆ ಊರಿನಿಂದ ಹೆಂಡತಿ ಮಗುವನ್ನು ಕರೆಸಿಕೊಳ್ಳಬೇಕಿತ್ತು.

ಯಾರಾದರೂ ಕೇಳಿದರೆ ನಂಜುಂಡಪ್ಪ ಎನ್ನಬೇಕೆಂದು ನನಗೆ ಹಿಂದಿನ ದಿನವೇ ಹೇಳಿದ್ದಾಗಿ ಅಪ್ಪ ಇಂದಿಗೂ ಆಣೆ ಮಾಡುತ್ತಾರೆ. ನನಗೆ ಅದು ನೆನಪಿಲ್ಲ. ಎಷ್ಟು ಹುಡುಕಿದರೂ ಇಲ್ಲ. ನನಗೆ ಬೇಕಿಲ್ಲದ್ದರಿಂದಲೇ ನೆನಪಿಲ್ಲವೇನೋ.

ಪ್ರತಿ ಬ್ಯಾಂಡಿನ ಮುಂದೆ ಒಂದು ಮಗು ನಂಬರಿನ ಹಲಗೆ ಹಿಡಿದು ನಡೆಯುತ್ತಿತ್ತು. ನಮ್ಮದು ಮೂರು, ಹಿಡಿದವಳು ನಾನು. ಇಸ್ತ್ರಿ ಮಾಡಿದ ಯೂನಿಫಾರ್ಮು, ತಲೆತುಂಬ ಕನಕಾಂಬರ. ನಮ್ಮವರು ಮೇಜಿನ ಮುಂದೆ ಸಾಲಾಗಿ ನಿಂತರು. ದೊಡ್ಡಪ್ಪ ಕಾರ್ಡು ನೋಡಿ, ಮುಖ ನೋಡಿ, ಟಿಕ್ ಹಾಕುತ್ತಿದ್ದರು. ಬಸಣ್ಣನ ಸರದಿ ಬಂತು.

"ನಂಜುಂಡಪ್ಪ?"

"ಹೌದ್ರಿ."

ಹಿಂದೆ ನಿಂತಿದ್ದ ಇನ್ನೊಂದು ಬ್ಯಾಂಡಿನವನು ಗಟ್ಟಿಯಾಗಿ ನಕ್ಕ. "ಏನ್ ಗುರು, ನಂಜುಂಡಪ್ಪ ಯಾವಾಗಿಂದ ಹೌದ್ರಿ ಅಂತಾನೆ? ಅವ್ನು ಮಂಡ್ಯದೋನು ಕಣೋ! ಬೆರಳು ಹೋದ್ರೆ ಮಾತೂ ಬದಲಾಗತ್ತಾ?"

ಎಲ್ಲರೂ ನಕ್ಕರು. "ಸುಮ್ನಿರಪ್ಪ, ನೋಡ್ತಾ ಇದೀನಲ್ಲ" ಎಂದರು ದೊಡ್ಡಪ್ಪ. ಕಾರ್ಡನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು. ಆಮೇಲೆ ನನ್ನ ಕಡೆ ನೋಡಿದರು. "ಪುಟ್ಟಿ, ನೀನ್ ಹೇಳಮ್ಮ. ಇವರು ಯಾರು?"

"ಬಸಣ್ಣ" ಎಂದೆ ನಾನು.

'ಆಯುಧಪೂಜೆ ದಿನ ನಮ್ಮನೇಲಿ ನಿಮ್ ಪಕ್ಕಾನೇ ಊಟಕ್ಕೆ ಕೂತಿದ್ರಲ್ಲ ದೊಡ್ಡಪ್ಪ' ಎಂದೂ ಹೇಳಿದೆನೆ, ಅಥವಾ ಆ ಮಾತು ಬಾಯಲ್ಲೇ ಉಳಿಯಿತೇ? ನನ್ನ ಕಿವಿಯಲ್ಲಿ ಅದು ಇದೆ, ಆದರೆ ಅಲ್ಲೇ ನಿಂತಿದ್ದ ಅಮ್ಮ 'ಹಾಗೇನೂ ಹೇಳಲಿಲ್ಲ ನೀನು' ಅನ್ನುತ್ತಾರೆ. ಕೂತಿದ್ದಂತೂ ನಿಜ. ಬಸಣ್ಣನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ್ದು ದೊಡ್ಡಪ್ಪನೇ.

ದೊಡ್ಡಪ್ಪ ಪೆನ್ನು ಕೆಳಗಿಟ್ಟರು. ಅಪ್ಪ ಮೇಜಿನ ಮೇಲೆ ಬಗ್ಗಿ, "ಅಣ್ಣ, ಅವನೂ ಅದೇ ಪ್ರೆಸ್ಸಲ್ಲಿ ದುಡಿಯೋನು. ಬಿಟ್ಬಿಡು" ಎಂದರು.

"ದುಡಿಯೋದು ಕೇಳಿಲ್ಲ ಕಣಪ್ಪ ಇಲ್ಲಿ, ಕಾರ್ಡ್ ಕೇಳಿದಾರೆ."

ಇಡೀ ಬ್ಯಾಂಡನ್ನು ಹೊರಗೆ ಹಾಕಲಿಲ್ಲ. ನಿಯಮದಲ್ಲಿ ಹಾಗಿರಲಿಲ್ಲ. ಒಬ್ಬನನ್ನು ಬಿಟ್ಟು ನುಡಿಸಿ ಎಂದರು. ನಾನು ಮೂರರ ಹಲಗೆ ಹಿಡಿದು ಮುಂದೆ ನಡೆದೆ, ಹಿಂದೆ ನಮ್ಮವರು ನುಡಿಸಿದರು. ಹಾಡನ್ನು ಎತ್ತಿಕೊಳ್ಳಬೇಕಾದ ಟ್ರಂಪೆಟ್ಟೇ ಇರಲಿಲ್ಲ. ಡೊಳ್ಳು ಇತ್ತು, ತಾಳ ಇತ್ತು, ಕೆಳಗಿನ ದನಿಗಳು ಒತ್ತು ಕೊಡುತ್ತಿದ್ದವು. ಯಾವುದಕ್ಕೆ ಒತ್ತು ಕೊಡುತ್ತಿದ್ದವೋ ಅದೇ ಇರಲಿಲ್ಲ. ಪೇಪರ್ ಅಂಟಿಸಿದ ಕಿಟಕಿಗಳ ಹಿಂದೆ ಕೂತವರಿಗೆ ಏನೆನ್ನಿಸಿತೋ. ಗೇಟಿನ ಹತ್ತಿರ ನಿಂತಿದ್ದ ಬಸಣ್ಣನ ಮೂರು ಬೆರಳು ಪ್ಯಾಂಟಿನ ಮೇಲೆ ಗುಂಡಿ ಒತ್ತಿದಂತೆ ಆಡುತ್ತಿದ್ದವು. ಇದನ್ನು ನಾನು ನೋಡಿದೆನೋ ಅಮ್ಮ ಹೇಳಿದ್ದೋ, ಆಣೆ ಮಾಡಲಾರೆ. ಆಮೇಲೆ ಯಾರೋ ಕೈಗೆ ಐಸ್ ಕ್ಯಾಂಡಿ ಕೊಟ್ಟರು. ತಿಂದೆ.

ಹಿಂದೆ ನಿಂತು ನಕ್ಕವನ ಬ್ಯಾಂಡೇ ಗೆದ್ದಿತು. ಮುಂದಿನ ಬೇಸಿಗೆಯಲ್ಲಿ ಒಂದು ಛತ್ರದ ಮುಂದೆ ಅದೇ ಬ್ಯಾಂಡಿನ ಇಬ್ಬರು ಜರಿಯ ಕೋಟು ಹಾಕಿ ಮದುವೆಗೆ ಊದುತ್ತಿರುವುದನ್ನು ಅಪ್ಪನೂ ನಾನೂ ನೋಡಿದೆವು. ಆ ಕಾರ್ಖಾನೆಯವರು ಅವರಿಗೆ ಸ್ಪರ್ಧೆಯ ಹಿಂದಿನ ವಾರವಷ್ಟೇ ಹೊಸ ಕಾರ್ಡು ಮಾಡಿಸಿದ್ದರಂತೆ. ಅಪ್ಪ ಹೋಗಿ ಹೇಳಿದರೆ ದೊಡ್ಡಪ್ಪ, "ನಾನು ನೋಡಿದ ಕಾರ್ಡ್ ಸರಿಯಾಗಿತ್ತು" ಎಂದಷ್ಟೇ ಅಂದರಂತೆ.

ನಿಯಮದ ಪ್ರಕಾರ ದೊಡ್ಡಪ್ಪ ನಂಜುಂಡಪ್ಪನ ಕಾರ್ಡನ್ನು ಚೀಟಿ ಬರೆದು ಕಾರ್ಖಾನೆಗೆ ಕಳಿಸಿದ್ದರು. ಆ ವಾರದಲ್ಲೇ ಕಾಂಟ್ರಾಕ್ಟರ್ ಬಸಣ್ಣನನ್ನು ಕೆಲಸದಿಂದ ಬಿಡಿಸಿದ. ಊರಿಗೆ ಹೊರಡುವ ದಿನ ಟ್ರಂಪೆಟ್ ವಾಪಸು ಕೊಡಲು ಬಂದ. ಹುಣಸೆಹಣ್ಣಿನಲ್ಲಿ ಉಜ್ಜಿ ತಳತಳ ಮಾಡಿದ್ದ. ನಾನು ಅಡುಗೆಮನೆಯ ಬಾಗಿಲ ಹಿಂದಿದ್ದೆ. "ಎಲ್ಲೈತಿ ಕೂಸು?" ಎಂದು ಕೇಳಿ, ನನ್ನನ್ನು ಕರೆದು, "ವಾರಕ್ಕೊಮ್ಮೆ ಎಣ್ಣಿ ಬಿಡವ್ವಾ. ಇಲ್ಲಾಂದ್ರ ಗುಂಡಿ ಹಿಡಕೋತಾವ" ಎಂದ.

ನಾನು ಎಣ್ಣೆ ಬಿಡಲಿಲ್ಲ. ಅಪ್ಪ ಮತ್ತೆ ಪ್ರಾಕ್ಟೀಸು ಕರೆಯಲಿಲ್ಲ. ಸ್ಪರ್ಧೆ ಇನ್ನೆರಡು ವರ್ಷ ನಡೆದು ನಿಂತಿತು. ಈಗ ಆ ಸೈಕಲ್ ಸ್ಟ್ಯಾಂಡಿನ ಜಾಗದಲ್ಲಿ ಗೋಡೌನ್ ಇದೆ. ಪೀಣ್ಯದಲ್ಲಿ ಯಾರಾದರೂ ರಿಟೈರಾದರೆ ಗೇಟಿನವರೆಗೆ ಊದಿಕೊಂಡು ಹೋಗುವವರಿಲ್ಲ. ಅಟ್ಟದ ಮೇಲಿನ ಟ್ರಂಪೆಟ್ಟಿನ ಮೂರು ಗುಂಡಿಗಳೂ ಹಿಡಿದುಕೊಂಡಿವೆ, ಒತ್ತಿದರೆ ಇಳಿಯುವುದಿಲ್ಲ. ಬಸಣ್ಣ ಎಲ್ಲಿದ್ದಾನೋ ಯಾರಿಗೂ ತಿಳಿಯದು.

ಹೋದ ಯುಗಾದಿಗೆ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅವರಿಗೆ ಈಗಲೂ ಕಿವಿ ಸರಿಯಾಗಿಯೇ ಇದೆ, ನೆನಪೂ ಇದೆ. ಬೇವುಬೆಲ್ಲ ಕೈಗೆ ಹಾಕಿಸಿಕೊಂಡು ಪಕ್ಕದಲ್ಲಿ ಕೂತು ಕೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು. ಆಮೇಲೆ ನಾಲ್ಕು ಸಲ ಸಿಕ್ಕಿದ್ದೇವೆ. ಸಿಕ್ಕಾಗಲೆಲ್ಲ ಕನ್ನಡಕ ತೆಗೆದು ಒರೆಸುತ್ತಾರೆ. ನಾನು ಕೇಳಿದ್ದು ಇಷ್ಟೇ:

"ದೊಡ್ಡಪ್ಪ, ನಿಮಗೆ ಅವನ್ಯಾರು ಅಂತ ಗೊತ್ತಿತ್ತಲ್ಲ. ಅವತ್ತು ನನ್ನನ್ನ ಕೇಳಿದಾಗ, ನಾನು ಏನು ಹೇಳ್ಲಿ ಅಂತ ಕಾಯ್ತಿದ್ರಿ? ಬಸಣ್ಣ ಅಂತಾನಾ, ನಂಜುಂಡಪ್ಪ ಅಂತಾನಾ?"