ತಿದಿಯ ಪಕ್ಕದ ಕೆಮ್ಮು

ಕಬ್ಬಿಣ ಕಾದಾಗಲೇ ಬಡಿಯಬೇಕು ಎಂದು ಊರಿನವರೆಲ್ಲ ಗಾದೆ ಹೇಳುತ್ತಾರೆ. ಎಷ್ಟು ಕಾಯಬೇಕು ಎಂದು ಒಬ್ಬರೂ ಹೇಳುವುದಿಲ್ಲ. ಅದು ಗೊತ್ತಿದ್ದದ್ದು ನನ್ನ ಗಂಡನಿಗೆ, ಮತ್ತೆ ಅವರ ಪಕ್ಕ ಕೂತು ವರ್ಷಗಟ್ಟಲೆ ಬೆಂಕಿಗೆ ಗಾಳಿಯೂದುವ ತಿದಿ ಒತ್ತಿದ ನನಗೆ.

ನಮ್ಮ ಕುಲುಮೆ ಇಟ್ಟಮಡುವಿನಲ್ಲಿತ್ತು. ಅರವತ್ತರ ದಶಕ. ಜಯನಗರದ ಕಡೆ ಹೊಲಗಳೆಲ್ಲ ಸೈಟುಗಳಾಗುತ್ತಿದ್ದವು. ನೇಗಿಲ ಗುಳ ತಟ್ಟಿಸಲು ಬರುವವರು ಕಡಿಮೆಯಾಗಿ, ಗಾಡಿ ಚಕ್ರದ ಹಳೆಯ ಪಟ್ಟಿಗಳನ್ನು ತಂದು ಎಸೆದುಹೋಗುವವರು ಹೆಚ್ಚಾದರು. ಆ ಪಟ್ಟಿಗಳಲ್ಲೇ ನಾವು ಹೊಸ ಮನೆಗಳಿಗೆ ಗೇಟು, ಕಿಟಕಿ ಸರಳು ಮಾಡಿಕೊಡುತ್ತಿದ್ದೆವು.

ಆ ಹಳೆ ಕಬ್ಬಿಣದ ಸ್ವಭಾವವೇ ಬೇರೆ. ಒಳಗೆ ಮರದ ಹಾಗೆ ನಾರು. ಬೆಳ್ಳಗೆ ಕಾದರೆ ಹೇಳಿದ ಹಾಗೆ ಕೇಳುತ್ತದೆ. ಬರೀ ಕೆಂಪಗಿದ್ದಾಗ ಬಡಿದರೆ ಸೌದೆಯಂತೆ ಉದ್ದಕ್ಕೆ ಸೀಳಿಬಿಡುತ್ತದೆ.

ಒಂದು ವರ್ಷ ಪಟ್ಟಿಗಳು ಮೇಲಿಂದ ಮೇಲೆ ಸೀಳತೊಡಗಿದವು. ನನ್ನ ಗಂಡ ತುಕ್ಕು ಹಿಡಿದಿದೆ ಎಂದರು, ಇದ್ದಿಲು ಸರಿಯಿಲ್ಲ ಎಂದರು. ಕುಣಿಯಲಾರದವರಿಗೆ ನೆಲ ಡೊಂಕಂತೆ. ಮನೆಯಲ್ಲಿ ಅವರು ಹೊಸ್ತಿಲನ್ನು ಕಾಲಿನಿಂದ ತಡವಿ ದಾಟುವುದನ್ನು ನಾನು ನೋಡಿದ್ದೆ. ಕಣ್ಣಿಗೆ ಪೊರೆ ಬರುತ್ತಿತ್ತು. ಬೆಂಕಿಯ ಬಣ್ಣ ಕಾಣದ ಕಮ್ಮಾರನಿಗೆ ಯಾರು ಕೆಲಸ ಕೊಡುತ್ತಾರೆ? ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಹೇಳುವುದಾದರೂ ಹೇಗೆ? ಹೆಂಗಸು ತಿದಿ ಒತ್ತಬಹುದು, ಕಬ್ಬಿಣದ ವಿಷಯಕ್ಕೆ ಬಾಯಿ ಹಾಕಬಾರದು ಎನ್ನುವುದು ನಮ್ಮ ಮನೆಯ ಕಟ್ಟಳೆ. ಅದನ್ನು ಮಾಡಿದವರು ಯಾರೋ, ತಿದಿ ಒತ್ತಿದವರಂತೂ ಅಲ್ಲ.

ಒಂದು ದಿನ ತಡೆಯಲಾಗದೆ, ಪಟ್ಟಿ ಬೆಳ್ಳಗಾದಾಗ ಕೆಮ್ಮಿದೆ. ಅವರು ಇಕ್ಕಳ ಹಾಕಿ ತೆಗೆದು ಬಡಿದರು. ಸೀಳಲಿಲ್ಲ. ಮರುದಿನವೂ ಕೆಮ್ಮಿದೆ, ಮರುದಿನವೂ ತೆಗೆದರು. ಅಂದಿನಿಂದ ಅದೇ ನಡೆಯಿತು. ಬೇಕೆಂದೇ ಕೆಮ್ಮುತ್ತೇನೆ ಎಂದು ಅವರಿಗೆ ಗೊತ್ತೋ, ಇಲ್ಲವೋ? ಕೇಳುವ ಧೈರ್ಯವಿಲ್ಲ, ಕೇಳದಿದ್ದರೆ ನೆಮ್ಮದಿಯಿಲ್ಲ. ಊಟ ಬಡಿಸುವಾಗಲೂ ಅವರ ಮುಖವನ್ನೇ ನೋಡುತ್ತಿದ್ದೆ.

ತ್ಯಾಗರಾಜನಗರದ ಒಬ್ಬರು ಗೇಟು ಮಾಡಲು ಹೇಳಿದ್ದರು. ಕೆಲಸ ನೋಡಲು ಅವರೇ ಬಂದು ನಿಂತ ದಿನ ನನಗೆ ವಿಪರೀತ ಶೀತ. ಪಟ್ಟಿ ಇನ್ನೂ ಕೆಂಪಗಿತ್ತು. ಹೊಗೆ ಗಂಟಲಿಗೆ ಹೋಗಿ ಕೆಮ್ಮು ಬಂದೇಬಿಟ್ಟಿತು. ಇವರು ಇಕ್ಕಳ ಹಾಕಿದರು. ಬೇಡ ಎನ್ನುವಷ್ಟರಲ್ಲಿ ಸುತ್ತಿಗೆ ಬಿತ್ತು, ಪಟ್ಟಿ ಸೀಳಿತು.

"ಏನ್ ಯಜಮಾನ್ರೇ, ಈ ಹಳೇ ಕಬ್ಬಿಣ ಆಗಲ್ಲ ಅನ್ಸುತ್ತೆ. ವೆಲ್ಡಿಂಗ್ ಶಾಪಲ್ಲೇ ಮಾಡಿಸ್ಕೋತೀನಿ ಬಿಡಿ," ಎಂದರು ಬಂದವರು.

ನನ್ನ ಗಂಡ ನನ್ನ ಕಡೆ ತಿರುಗಿದರು. ಬೈಗುಳಕ್ಕೆ ತಯಾರಾದೆ.

"ನಿಜವಾಗ್ಲೂ ಶೀತಾನಾ? ಮೊದ್ಲೇ ಹೇಳ್ಬಾರ್ದಾ?" ಎಂದರು. ಆಮೇಲೆ ಬಂದವರಿಗೆ ಹೇಳಿದರು: "ಕಬ್ಬಿಣದ್ ತಪ್ಪಲ್ಲ ಸಾರ್. ನಂಗೆ ಕಣ್ಣು ಕಾಣ್ಸಲ್ಲ. ಕಾದಿದ್ದು ನೋಡೋದು ಇವ್ಳೇ."

ಅವರು ಅದನ್ನು ಹೊರಗಿನವರೆದುರು ಹೇಳಿಯಾರು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬಂದವರು ಹೊರಡದೆ ಅಲ್ಲೇ ನಿಂತರು. ಇವರು ಸೀಳಿದ ಪಟ್ಟಿಯನ್ನೇ ಮತ್ತೆ ಬೆಂಕಿಗಿಟ್ಟರು. ಚೆನ್ನಾಗಿ ಕಾದರೆ ಹಳೆ ಕಬ್ಬಿಣ ಬಡಿತಕ್ಕೆ ಮತ್ತೆ ಕೂಡಿಕೊಳ್ಳುತ್ತದೆ. "ಈ ಸಲ ಬಾಯ್ಬಿಟ್ಟು ಹೇಳು," ಎಂದರು.

ಕಣ್ಣಲ್ಲಿ ನೀರು ತುಂಬಿ ನನಗೂ ಬಣ್ಣ ಕಾಣಲಿಲ್ಲ. ಸೆರಗಿನಿಂದ ಒರೆಸಿಕೊಂಡು, ಪಟ್ಟಿ ಬೆಳ್ಳಗಾಗುವವರೆಗೆ ತಿದಿ ಒತ್ತಿ, ಜೋರಾಗಿಯೇ ಹೇಳಿದೆ: "ತೆಗೀರಿ."