ದನಿಯಿಲ್ಲದ ಗುಂಪು

ಗೋಡೆಯ ಮೇಲೆ ಬಸವಣ್ಣನ ಪಟವಿದ್ದ ಮನೆಯದು. ಆದರೂ ಕಿಣ್ಣಿ ಸುಲ್ತಾನವೆಂಬ ಊರಿನ ಆ ಮನೆಯಲ್ಲಿ ಸೊಸೆಯ ದನಿ ಮಾವನ ಕಿವಿಗೆ ಬೀಳಬಾರದು. ಮಾವ ಮಹಾದೇವಪ್ಪ ಪಡಸಾಲೆಯಲ್ಲಿ ಕೂತಿದ್ದರೆ ಬಸವೇಶ್ವರಿ ಗಂಡನನ್ನು ಬಳೆ ಕುಲುಕಿಯೇ ಕರೆಯಬೇಕು. ಯಾವ ಶಾಸ್ತ್ರ ಹೇಳಿತ್ತೋ!

ಮದುವೆಗೆಂದು ಬಿಡಿಸಿದ್ದ ಹತ್ತನೇ ತರಗತಿಯ ಪರೀಕ್ಷೆಗೆ ಮತ್ತೆ ಕಟ್ಟಿದಾಗ ಅವಳು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದಳು. ಅವಳಂತೆಯೇ ಪರೀಕ್ಷೆಗೆ ಕಟ್ಟಿದ್ದ ಅಫಜಲಪುರ, ಜೇವರ್ಗಿ ಕಡೆಯ ಸೊಸೆಯಂದಿರು ಸೇರಿಕೊಂಡರು. ಅವರ ಮನೆಗಳಲ್ಲೂ ಅದೇ ಕಟ್ಟಳೆ. ಹಾಗಾಗಿ ಗುಂಪಿನಲ್ಲಿ ಯಾರೂ ಮಾತಾಡಿ ಕಳಿಸುವಂತಿಲ್ಲ, ಬರೆಯಬೇಕು. ಒಬ್ಬಳು ಲೆಕ್ಕದ ಒಂದು ಹೆಜ್ಜೆ ಬರೆದರೆ ಮುಂದಿನದು ಇನ್ನೊಬ್ಬಳದು. ಜೇವರ್ಗಿಯ ರಾಧಿಕಾ ತಪ್ಪಿದರೆ ಅಫಜಲಪುರದಿಂದ "ಮ್ಯಾಲಿನ ಸಾಲು ನೋಡ್ ಬೇ" ಎಂದು ಬರುತ್ತಿತ್ತು. ಒಬ್ಬಳಿಗೂ ಪೂರ್ತಿ ಬಾರದಿದ್ದ ಲೆಕ್ಕ ಹೀಗೆ ಎಲ್ಲರಿಗೂ ಬಂತು.

ಒಂದು ಸಂಜೆ ಮಾವ ಅಡುಗೆಮನೆಯತ್ತ ಗುಡುಗಿದರು. "ಹಗಲೆಲ್ಲಾ ಯಾರಿಗಿ ಬರ್ಯಾಕತ್ತಿ? ನಾಳಿಂದ ಆ ಗುಂಪು ಬಂದ್!"

ಬಸವೇಶ್ವರಿ ರೊಟ್ಟಿ ತಟ್ಟುತ್ತಿದ್ದ ಕೈ ಒರೆಸಿಕೊಂಡು, ಬೀಗರು ಬಿಜ್ಜರೆಲ್ಲ ಇದ್ದ ಮನೆತನದ ವಾಟ್ಸಾಪ್ ಗುಂಪಿನಲ್ಲೇ ಬರೆದಳು: "ಮಾವಾರೆ, ನಾ ಗುಂಪು ಬಿಡಂಗಿಲ್ರಿ. ಪರೀಕ್ಷಾನೂ ಬರೀತೇನಿ."

ಪಡಸಾಲೆಯಲ್ಲಿ ಮಾವನ ಫೋನು ಟಣ್ಣೆಂದಿತು.

"ಏನಿದು? ಬಾಯಿಬಿಟ್ಟು ಹೇಳು!" ಮಾವ ಅಬ್ಬರಿಸಿದರು.

ಅವಳು ಮತ್ತೆ ಬರೆದಳು: "ದನಿ ಕೇಳಬಾರ್ದು ಅಂದವ್ರು ನೀವೇ ಅಲ್ರಿ. ಓದ್ಕೋರಿ."