ಟಿಕಳಿ ಅಂಟಿಸಿದ ಕಿಟಕಿ

ಒಂದು ಟಿಕಳಿಯ ಹಿಂದಿನ ಅಂಟಿನಲ್ಲಿ ಹುಬ್ಬಿನ ಕೂದಲೊಂದು ಸಿಕ್ಕಿಕೊಂಡಿತ್ತು. ಬ್ಲೇಡಿನಿಂದ ಗಾಜಿನ ಮೇಲಿಂದ ಎತ್ತಿದಾಗ ಕಂಡಿತು: ಗಿಡ್ಡ, ಕಪ್ಪು, ತುದಿಯಲ್ಲಿ ತುಸು ಬಾಗಿದ್ದು. ಅದನ್ನು ಹಳೆಯ ಪೇಪರಿಗೆ ಒರೆಸಿ ಮುಂದಿನ ಟಿಕಳಿಗೆ ಕೈ ಹಾಕಿದೆ.

ಟಿಕಳಿಗಳು ನನ್ನ ವೈನಿಯವು. ಅಣ್ಣನ ಮೊದಲ ಹೆಂಡತಿ ಅವಳು. ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಹೋದಳು. ಬಸವಕಲ್ಯಾಣದ ನಮ್ಮ ಮನೆಯ ಹಿತ್ತಲಲ್ಲಿ, ನಳದ ಮಗ್ಗುಲಿಗೇ, ಅವರಿಬ್ಬರ ಕೋಣೆಯ ಕಿಟಕಿ ಇದೆ. ಸಂಜೆ ಮುಖ ತೊಳೆಯುವ ಮುನ್ನ ಹಣೆಯ ಟಿಕಳಿ ಕಿತ್ತು ಆ ಗಾಜಿಗೆ ಅಂಟಿಸುವುದು, ತೊಳೆದ ಮೇಲೆ ಗಾಜಿನಲ್ಲೇ ನೋಡಿಕೊಂಡು ಹೊಸದು ಹಚ್ಚಿಕೊಳ್ಳುವುದು ಅವಳ ರೂಢಿ. ವರ್ಷ ಕಳೆದಂತೆ ಒಂದರ ಕೆಳಗೊಂದು ಸಾಲು ಬೆಳೆದಿತ್ತು. ಅವಳು ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅಣ್ಣ ಆ ಕೋಣೆ ಬಿಟ್ಟು ಪಡಸಾಲೆಯಲ್ಲಿ ಮಲಗುತ್ತಿದ್ದ.

ಈಗ ಅಣ್ಣನಿಗೆ ಇನ್ನೊಂದು ಮದುವೆಯಾಗಿತ್ತು. ಹುಮನಾಬಾದಿನಲ್ಲಿ, ಹುಡುಗಿಯ ಮನೆಯಂಗಳದಲ್ಲೇ, ನಾಲ್ಕು ಜನರ ನಡುವೆ. ಅವಳನ್ನು ಮರುದಿನ ಕರೆತರುವುದಿತ್ತು. ಮಾತುಕತೆಯ ದಿನವೇ ಅವಳ ಚಿಗವ್ವ ಅವ್ವನಿಗೆ ಹೇಳಿಬಿಟ್ಟಿದ್ದಳು: "ಹಿಂದಿನಾಕಿದು ಒಂದ್ ಸಾಮಾನ ಸುದ್ದಾ ಆ ಖೋಲ್ಯಾಗ ಇರಬಾರ್ದ್ ನೋಡ್ರಿ. ನಮ್ ಹುಡುಗಿ ಅಂಜಿ ವಾಪಸ್ ಬಂದ್ಳಂದ್ರ ತಿರುಗಿ ಕಳಸೂದಿಲ್ಲ."

ಸೀರೆಗಳು, ಪೆಟ್ಟಿಗೆ, ಬಾಚಣಿಗೆ ಎಲ್ಲ ಹೊರಗೆ ಹೋದವು. ಉಳಿದದ್ದು ಕಿಟಕಿ. ಮನೆಯ ಮಗಳಾದ ನಾನು ಹುಮನಾಬಾದಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ; ಗಾಜಿನ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು. ಅಂಟಿಗೆ ಕೊಬ್ಬರಿ ಎಣ್ಣೆ, ಎಣ್ಣೆಗೆ ಸೋಪಿನ ನೀರು, ಕೊನೆಗೆ ಮುದುಡಿದ ಪೇಪರು. ಬಿಸಿಲು ಗಾಜಿಗೆ ತಾಗುವ ಮೊದಲೇ ಮುಗಿಸಬೇಕು. ಬಿಸಿಯಾದ ಗಾಜಿನ ಮೇಲೆ ನೀರು ಬೇಗ ಆರಿ ಗೆರೆ ಉಳಿಯುತ್ತದೆ. ಒಳಗಿನಿಂದ ಮೇಲೆ ಕೆಳಗೆ ಒರೆಸಿದೆ, ಹೊರಗಿನಿಂದ ಅಡ್ಡಡ್ಡ. ಹಾಗೆ ಮಾಡಿದರೆ ಉಳಿದ ಗೆರೆ ಯಾವ ಬದಿಯದೆಂದು ತಿಳಿಯುತ್ತದೆ. ಮಧ್ಯಾಹ್ನಕ್ಕೆ ಒಂದು ಗೆರೆಯೂ ಇರಲಿಲ್ಲ.

ಸಂಜೆ ಬಿಸಿಲು ಓರೆಯಾಗಿ ಒಳಗೆ ಬಂದಾಗ ಮಂಚದ ಮೇಲಿನ ಗೋಡೆಯಲ್ಲಿ ಸಣ್ಣ ಸಣ್ಣ ಬೆಳಕಿನ ಚುಕ್ಕಿಗಳು ಎದ್ದವು. ಒಂದರ ಕೆಳಗೊಂದು.

ಮತ್ತೆ ಒರೆಸಿದೆ, ಎರಡೂ ಬದಿ. ವಿನೆಗರ್ ಹಚ್ಚಿ ಕಾದೆ. ಚುಕ್ಕಿಗಳು ಒಳಗಿನ ಕೊಳೆಯೂ ಅಲ್ಲ, ಹೊರಗಿನ ಕೊಳೆಯೂ ಅಲ್ಲ. ನಳದ ಗಡಸು ನೀರು ವರ್ಷಗಟ್ಟಲೆ ಸಿಡಿದು ಗಾಜಿನ ಮೈಯನ್ನೇ ಮಂಕಾಗಿಸಿತ್ತು. ಟಿಕಳಿ ಮುಚ್ಚಿದ್ದ ಜಾಗಗಳು ಮಾತ್ರ ಮೊದಲಿನಂತೆ ತಿಳಿಯಾಗಿ ಉಳಿದಿದ್ದವು. ಅಲ್ಲಿ ತೆಗೆಯಲು ಏನೂ ಇರಲಿಲ್ಲ.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಕಾಲೇಜಿನ್ಯಾಗ ಹುಡುಗ್ರಿಗಿ ಏನ್ ಕಲಸ್ತಿ ನೀ? ಒಂದ್ ಖಿಡಕಿ ಸಾಫ್ ಆಗವಲ್ದು ನಿನ್ ಕೈಲೆ."

"ಇದು ಹೋಗೂದಲ್ಲವ್ವ."

ಅವಳು ಗೋಡೆಯನ್ನೇ ನೋಡುತ್ತಿದ್ದಳು. "ಹೋಗಂಗಿಲ್ಲ ಆಕಿ," ಎಂದು ಮೆಲ್ಲಗೆ ಹೇಳಿ, ದಪ್ಪನೆಯ ಪಡದೆಯೊಂದನ್ನು ತಂದು ಕಟ್ಟಿದಳು.

ಮರುದಿನ ಹುಡುಗಿ ಬಂದಳು. ನಮ್ಮ ಮನೆತನದಲ್ಲಿ ಎರಡನೆಯವಳಾಗಿ ಬಂದವಳ ಕೊರಳಿಗೆ ಮೊದಲನೆಯವಳ ಹೆಸರಿನಲ್ಲಿ ಒಂದು ಬೆಳ್ಳಿ ಬಿಲ್ಲೆ ಕಟ್ಟುತ್ತಾರೆ, ಸತ್ತವಳು ಮುನಿಯಬಾರದೆಂದು. ಅವ್ವ ದೇವರ ಮುಂದೆ ಕೂರಿಸಿ ಅದನ್ನು ಕಟ್ಟಿದಳು. ಹುಡುಗಿ ಕೊರಳು ಬಾಗಿಸಿದಳು.

ಸಂಜೆ ನಾನು ಚಹಾ ಒಯ್ದಾಗ ಅವಳು ಪಡದೆ ಸರಿಸಿ, ಮಂಚದ ಅಂಚಿಗೆ ಕೂತು ಗೋಡೆ ನೋಡುತ್ತಿದ್ದಳು.

"ಇದು ಆಕಿದೇನ್ರಿ, ಅಕ್ಕಾರ?"

"ಬೆಳಕದು," ಎಂದೆ.

"ಬೆಳಕ್ ಅನ್ನೂದು ನನಗೂ ಕಾಣ್ತದ್ರಿ, ಕಣ್ಣ ಅವ."

ನನಗೆ ಬೇರೆ ದಾರಿ ಇರಲಿಲ್ಲ. ನಳ, ಟಿಕಳಿ, ನೀರು, ಎಲ್ಲ ಹೇಳಿದೆ. ಅವಳು ಬಿಲ್ಲೆಯನ್ನು ಬೆರಳಿನಲ್ಲಿ ಹೊರಳಿಸಿದಳು.

"ಚಲೋ ಆತ್ ಬಿಡ್ರಿ. ಅತ್ತಿಯವರು ಆಕಿಗಿ ನನ್ ಕೊಳ್ಳಾಗ ಕಟ್ಯಾರ, ನೀವು ಖಿಡಕ್ಯಾಗಿಂದ ತಿಕ್ಕಿ ತೆಗ್ಯಾಕತ್ತೀರಿ. ಎಲ್ಲಿರಬೇಕ್ರಿ ಆಕಿ, ಪಾಪ?"

ನಗು ಬಂತು, ಇಬ್ಬರಿಗೂ. ಅವಳದು ಬೇಗ ನಿಂತಿತು.

"ಹ್ಯಾಂಗಿದ್ಳ್ರಿ ಆಕಿ? ಇವ್ರಿಗಿ ಕೇಳಿದ್ರ ಎದ್ದು ಹೊರಗ ಹೋಗ್ತಾರ. ಅತ್ತಿಯವರು ಪಡದಾ ಎಳೀತಾರ. ಸತ್ತಾಕಿಗಿ ಅಂಜೂದಿಲ್ರಿ ನಾ. ಯಾರಂತ ಗೊತ್ತಿಲ್ದಾಕಿ ಕೂಡ ಒಂದ್ ಖೋಲ್ಯಾಗ ಹ್ಯಾಂಗ ಮಲಗ್ಲಿ? ಹಿಂಗೇ ಇದ್ರ ಚಿಗವ್ವಗ ಫೋನ್ ಮಾಡ್ತೀನಿ, ಬಂದ್ ಕರ್ಕೊಂಡ್ ಹೋಗ್ತಾಳ."

ಆ ಮಳೆಗಾಲದಿಂದ ನಮ್ಮ ಮನೆಯಲ್ಲಿ ವೈನಿಯ ಮಾತನ್ನು ಯಾರೂ ಎತ್ತಿರಲಿಲ್ಲ. ಎಲ್ಲಿಂದ ಶುರು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಹೊತ್ತು ಮುಳುಗಿತು. ಚುಕ್ಕಿಗಳು ಗೋಡೆಯ ಮೇಲೆ ಏರುತ್ತಾ ಮಸುಕಾಗಿ ಇಲ್ಲವಾದವು. ಅವಳು ಹಾಸಿಗೆ ಸುತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ, ಅವ್ವನ ಪಕ್ಕದಲ್ಲಿ ಮಲಗಿದಳು. ಕೋಣೆ ಖಾಲಿ ಉಳಿಯಿತು. ಅದರ ಬಾಗಿಲು ಮುಚ್ಚಲು ಹೋದ ನಾನು, ಒಳಗೆ ಯಾರೋ ಮುಖ ಒರೆಸಿಕೊಳ್ಳುತ್ತಿದ್ದಾರೆ ಅನಿಸಿ, ತೆರೆದೇ ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಕಾಲೇಜಿಗೆಂದು ಹಿಡಿಯುವ ಹುಮನಾಬಾದಿನ ಬಸ್ಸಿಗೆ ನಾನು ಹೋಗಲಿಲ್ಲ. ಹುಡುಗಿಯನ್ನು ಹಿತ್ತಲಿಗೆ ಕರೆದೆ. ಅವ್ವ ಒಲೆಯ ಮುಂದಿನಿಂದ ತಲೆ ಎತ್ತಿ ನೋಡಿದಳು, ತಡೆಯಲಿಲ್ಲ. ನಳ ಬಿಟ್ಟು ಮುಖ ತೊಳೆದೆ. ಒರೆಸಿಕೊಳ್ಳದೆ ಹಾಗೇ ಕಿಟಕಿಯ ಕಡೆ ತಿರುಗಿ, ವೈನಿ ನಿಲ್ಲುತ್ತಿದ್ದ ಕಲ್ಲಿನ ಮೇಲೆ ನಿಂತೆ.

"ಆಕಿ ನನಗಿಂತ ಗಿಡ್ಡ ಇದ್ಳ್ರಿ," ಎಂದೆ. ಮೊಣಕಾಲು ಸ್ವಲ್ಪ ಬಗ್ಗಿಸಿದೆ.